ಬಿಸಿಲ ಊರಿನಲ್ಲಿ ತಂಪು ನೀರಿನ ಮೀನು: ಗೋಲ್ಡ್‌ಫಿಶ್, ವೆದರ್ ಲೋಚ್ ಸಾಕುವ ಬಗೆ

ಗೋಲ್ಡ್‌ಫಿಶ್‌ಗೂ, ತಳದ ಉಸುಕಿನಲ್ಲಿ ಹರಿದಾಡುವ ಉದ್ದ ಮೈಯ ವೆದರ್ ಲೋಚ್‌ಗೂ ಒಗ್ಗುವ ನೀರು ಒಂದೇ: 18ರಿಂದ 24 ಡಿಗ್ರಿಯ ತಂಪು ನೀರು. ಬೆಳಗಾವಿಯಲ್ಲಿ ವರ್ಷದ ಬಹುಪಾಲು ಇದು ಪುಕ್ಕಟೆ ಸಿಗುತ್ತದೆ. ವಿಜಯಪುರ, ಬಾಗಲಕೋಟೆಯಲ್ಲಿ ಮಾರ್ಚ್‌ನಿಂದ ಮಿರಗದ ಮಳೆಯವರೆಗೆ ದುಡಿದೇ ಪಡೆಯಬೇಕು. ಹೊರಗೆ 40 ಡಿಗ್ರಿ ಬಿಸಿಲಿದ್ದಾಗ ಮನೆಯೊಳಗಿನ ಟ್ಯಾಂಕಿನ ನೀರೂ 32 ಮುಟ್ಟುತ್ತದೆ. ಅಂಗಡಿಯಲ್ಲಿ ಕೇಳಿದರೆ "ಏನೂ ಆಗಂಗಿಲ್ರಿ, ಗಟ್ಟಿ ಮೀನು" ಅನ್ನುತ್ತಾರೆ. ಮೀನು ಗಟ್ಟಿಯೇ. ಆದರೆ ಬಿಸಿ ನೀರು, ಸಣ್ಣ ಟ್ಯಾಂಕು, ಬೋರ್‌ವೆಲ್ಲಿನ ಸವಳು ಮೂರೂ ಕೂಡಿದರೆ ಎಂಥ ಗಟ್ಟಿ ಮೀನೂ ತಾಳುವುದಿಲ್ಲ.

ಹಾಗಾಗಿ ಮೊದಲ ಮಾತು ಟ್ಯಾಂಕಿನದಲ್ಲ, ಕಾಲದ್ದು. ಮಕ್ಕಳು ಎಷ್ಟೇ ಹಟ ಹಿಡಿದರೂ ಬೇಸಿಗೆ ರಜೆಯಲ್ಲಿ ಶುರು ಮಾಡಬೇಡಿ. ಜೂನ್ ಕೊನೆಗೆ ನೀರು ತುಂಬಿಸಿ, ಗಣೇಶ ಚೌತಿಯ ಆಸುಪಾಸಿಗೆ ಮೀನು ಬಿಡಿ. ಮುಂದಿನ ಬಿಸಿಲು ಬರುವಷ್ಟರಲ್ಲಿ ಟ್ಯಾಂಕಿಗೆ ಎಂಟು ತಿಂಗಳ ವಯಸ್ಸಾಗಿರುತ್ತದೆ, ನಿಮಗೂ ಕೈ ಪಳಗಿರುತ್ತದೆ.

ಟ್ಯಾಂಕು ಮತ್ತು ಅದನ್ನಿಡುವ ಜಾಗ

ಗುಂಡನೆಯ ಗಾಜಿನ ಬೋಗುಣಿಯನ್ನು ಮರೆತುಬಿಡಿ. ಅಂಗಡಿಯಲ್ಲಿ ಎರಡು ಇಂಚಿದ್ದ ಗೋಲ್ಡ್‌ಫಿಶ್ ಸರಿಯಾಗಿ ಬೆಳೆದರೆ ಆರರಿಂದ ಎಂಟು ಇಂಚಾಗುತ್ತದೆ, ಹತ್ತು-ಹದಿನೈದು ವರ್ಷ ಬದುಕುತ್ತದೆ. ಉದ್ದ ಮೈಯ ಕಾಮೆಟ್ ಜಾತಿ ಒಂದು ಅಡಿಯವರೆಗೂ ಹೋಗುತ್ತದೆ. ಅದಕ್ಕೆ ಮನೆಯ ಟ್ಯಾಂಕಿಗಿಂತ ಅಂಗಳದ ಸಿಮೆಂಟ್ ತೊಟ್ಟಿ ಮೇಲು. ಮನೆಯೊಳಗೆ ಒರಾಂಡಾ, ರ್ಯೂಕಿನ್, ಬ್ಲ್ಯಾಕ್ ಮೂರ್‌ನಂಥ ದುಂಡು ಮೈಯ ಜಾತಿಗಳನ್ನು ಆರಿಸಿ.

ಎರಡು ಗೋಲ್ಡ್‌ಫಿಶ್, ಮೂರು ಲೋಚ್‌ಗೆ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು ಬೇಕು. ಒಂದು ಘನ ಅಡಿಗೆ 28 ಲೀಟರ್ ಲೆಕ್ಕದಲ್ಲಿ ಇದು 190 ಲೀಟರ್. ಉಸುಕು ಹಾಕಿ, ಮೇಲೆ ಎರಡು ಇಂಚು ಖಾಲಿ ಬಿಟ್ಟರೆ ನಿಜವಾಗಿ ನಿಲ್ಲುವ ನೀರು ಸುಮಾರು 165 ಲೀಟರ್. ಔಷಧಿ, ಉಪ್ಪು ಏನೇ ಹಾಕಿದರೂ ಈ ಎರಡನೆಯ ಅಂಕಿಯನ್ನೇ ಹಿಡಿಯಿರಿ. ಗಾಜು 8 ಮಿಲಿಮೀಟರ್ ಇರಲಿ. ಅಗಲವನ್ನು ಒಂದು ಅಡಿಗೆ ಇಳಿಸಿ ಎತ್ತರ ಏರಿಸಿದ ಟ್ಯಾಂಕು ನೋಡಲು ಚೆಂದ, ಮೀನಿಗೆ ಕೆಟ್ಟದ್ದು. ಗಾಳಿ ನೀರಿಗೆ ಸೇರುವುದು ಮೇಲ್ಮೈಯಿಂದ, ಲೋಚ್ ಓಡಾಡುವುದು ತಳದಲ್ಲಿ.

ಎಲ್ಲಾ ಸೇರಿ ತೂಕ ಎರಡೂಕಾಲು ಕ್ವಿಂಟಲ್ ಮೀರುತ್ತದೆ. ಟಿವಿ ಇಡುವ ಪ್ಲೈವುಡ್ ಸ್ಟ್ಯಾಂಡು ಇದನ್ನು ಹೊರುವುದಿಲ್ಲ. ಕಬ್ಬಿಣದ ಆ್ಯಂಗಲ್ ಸ್ಟ್ಯಾಂಡು, ಅಥವಾ ಇಟ್ಟಿಗೆ ಕಟ್ಟಿ ಮೇಲೆ ಶಹಾಬಾದ್ ಪರಸಿ. ಪರಸಿಗೂ ಗಾಜಿಗೂ ನಡುವೆ ಅರ್ಧ ಇಂಚಿನ ಥರ್ಮಾಕೋಲ್ ಹಾಸಿ; ಕೆಳಗೊಂದು ಉಸುಕಿನ ಕಾಳು ಸಿಕ್ಕಿಕೊಂಡರೂ ಗಾಜು ಅಲ್ಲಿಂದಲೇ ಸೀಳುತ್ತದೆ.

ಪಡುವಣ ಗೋಡೆಗೆ ಒತ್ತಿ ಇಡಬೇಡಿ, ಆ ಗೋಡೆ ರಾತ್ರಿ ಹತ್ತರವರೆಗೂ ಕಾವು ಕಾರುತ್ತಿರುತ್ತದೆ. ಪತ್ರಾಸಿನ ಮಾಡು, ಮೇಲಿನ ಮಹಡಿಯ ಕೋಣೆ ಎರಡೂ ಬೇಡ. ನೆಲ ಅಂತಸ್ತಿನ ಒಳಕೋಣೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಉಸುಕು, ಕಲ್ಲು, ಗಿಡ

ಲೋಚ್‌ನ ಬಾಯಿಯ ಸುತ್ತ ಹತ್ತು ಮೀಸೆಗಳಿರುತ್ತವೆ. ಅದು ಆಹಾರ ಹುಡುಕುವುದು ಕಣ್ಣಿನಿಂದಲ್ಲ, ಉಸುಕನ್ನು ಆ ಮೀಸೆಗಳಿಂದ ತಡಕಿ. ಹೊಸ ಜಾಗಕ್ಕೆ ಬಿಟ್ಟ ಲೋಚ್ ಮೊದಲು ಮೂಲೆಯಲ್ಲಿ ಸುರುಳಿ ಸುತ್ತುತ್ತದೆ, ಆಮೇಲೆ ಮೂತಿ ಊರಿ ಸರಕ್ಕನೆ ಉಸುಕಿನೊಳಗೆ ಹೋಗಿ, ಎರಡು ಕಣ್ಣು ಮತ್ತು ಮೀಸೆ ಮಾತ್ರ ಹೊರಗಿಟ್ಟು ಕೂರುತ್ತದೆ. ಬಣ್ಣದ ಚೂಪು ಜಲ್ಲಿಯಲ್ಲಿ ಹೀಗೆ ನುಗ್ಗಿದರೆ ಮೀಸೆ ತುಂಡಾಗುತ್ತದೆ, ಹೊಟ್ಟೆ ಗೀರಿಕೊಂಡು ಕೀವಾಗುತ್ತದೆ. ಎಂ-ಸ್ಯಾಂಡ್ ಸಹ ಬೇಡ. ಒಡೆದ ಕಲ್ಲು, ಅಂಚು ಚೂಪು. ಹೊಳೆಯ ದುಂಡು ಕಾಳಿನ ಉಸುಕೇ ಆಗಬೇಕು. ಈ ಟ್ಯಾಂಕಿಗೆ 4 ಸೆಂಟಿಮೀಟರ್ ದಪ್ಪ ಹಾಸಲು 25 ಕೆಜಿ. ಬಕೆಟ್ಟಿನಲ್ಲಿ ಕೈಯಾಡಿಸಿ, ನೀರು ತಿಳಿಯಾಗುವವರೆಗೆ, ಅಂದರೆ ಹದಿನೈದು-ಇಪ್ಪತ್ತು ಸಲ ತೊಳೆಯಿರಿ. ಇಲ್ಲಿ ಸೋಮಾರಿತನ ಮಾಡಿದವರು ಒಂದು ವಾರ ರಾಡಿ ನೀರು ನೋಡುತ್ತಾ ಕೂರಬೇಕು.

ಕಲ್ಲು ಹೆಕ್ಕುವಾಗ ಎಚ್ಚರ. ಲೋಕಾಪುರ, ಮುಧೋಳದ ಕಡೆ ನೆಲದಲ್ಲೇ ಸುಣ್ಣದ ಕಲ್ಲಿದೆ. ಒಣ ಕಲ್ಲಿನ ಮೇಲೆ ಲಿಂಬೆರಸ ಹಿಂಡಿ; ನೊರೆ ಬಂದರೆ ಅದು ನೀರಿನ ಗಡಸುತನ ಏರಿಸುವ ಕಲ್ಲು. ಅದೇ ಕಲ್ಲು ಬೆಳಗಾವಿಗೆ ಮದ್ದು. ಅಲ್ಲಿನ ರಕ್ಕಸಕೊಪ್ಪ ಜಲಾಶಯದಂಥ ಮಳೆನೀರಿನ ಆಸರೆಯ ನೀರು ಸಾಮಾನ್ಯವಾಗಿ ಮೆತ್ತನೆಯದು. ಮೀನಿನ ಕಸ ಅರಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾ ತಮ್ಮ ಕೆಲಸದಲ್ಲಿ ನೀರಿನ ಕ್ಷಾರವನ್ನು ಸವೆಸುತ್ತಾ ಹೋದಾಗ ಪಿಎಚ್ (ಹುಳಿ-ಕ್ಷಾರದ ಅಳತೆ; 7 ಮಧ್ಯಮ, ಅದಕ್ಕಿಂತ ಇಳಿದರೆ ಹುಳಿ) ಒಂದು ದಿನ ಧೊಪ್ಪನೆ ಕುಸಿಯುತ್ತದೆ. ಒಂದು ಮುಷ್ಟಿಗಾತ್ರದ ಸುಣ್ಣದ ಕಲ್ಲು ಆ ಕುಸಿತ ತಡೆಯುತ್ತದೆ.

ನೆಟ್ಟ ಗಿಡ ಯಾವುದನ್ನೂ ಗೋಲ್ಡ್‌ಫಿಶ್ ಉಳಿಸುವುದಿಲ್ಲ. ಅನುಬಿಯಾಸ್, ಜಾವಾ ಫರ್ನ್‌ಗಳನ್ನು ಕಲ್ಲಿಗೆ ದಾರದಿಂದ ಕಟ್ಟಿ. ಲೋಚ್‌ಗೆ ಅಡಗಲು ಒಂದೂವರೆ ಇಂಚಿನ ಪಿವಿಸಿ ಪೈಪಿನ ಒಂದು ಅಡಿ ತುಂಡು, ಅಂಚನ್ನು ಉಪ್ಪುಕಾಗದದಿಂದ ಉಜ್ಜಿದ್ದು, ಧಾರಾಳ.

ಫಿಲ್ಟರು ಮತ್ತು ಮುಚ್ಚಳ

ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ. ತಿಂದದ್ದು ಕರುಳಿನಲ್ಲಿ ಸರಸರ ಸಾಗಿ ಹೊರಬೀಳುತ್ತದೆ. ಹೀಗಾಗಿ ಫಿಲ್ಟರು ಗಂಟೆಗೆ ಟ್ಯಾಂಕಿನ ನೀರನ್ನು ಎಂಟು-ಹತ್ತು ಸಲ ತಿರುಗಿಸಬೇಕು: ಗಂಟೆಗೆ 1500 ಲೀಟರಿನ ಒಂದು ಟಾಪ್ ಫಿಲ್ಟರು, ಜೊತೆಗೆ ಏರ್ ಪಂಪಿಗೆ ಜೋಡಿಸಿದ ದೊಡ್ಡ ಸ್ಪಂಜ್ ಫಿಲ್ಟರು ಒಂದು. ಎರಡನೆಯದು ಯಾಕೆಂದರೆ ಕರೆಂಟು ಹೋದಾಗ ಇನ್ವರ್ಟರಿನ ಮೇಲೆ, ಇಲ್ಲವೇ ಬ್ಯಾಟರಿ ಏರ್ ಪಂಪಿನಿಂದ ಓಡುವಂಥದ್ದು ಅದೇ. ಪಂಪು ಎಳೆಯುವುದು ನಾಲ್ಕೈದು ವ್ಯಾಟ್ ಮಾತ್ರ. ಟಾಪ್ ಫಿಲ್ಟರಿನ ನೀರೆಳೆಯುವ ಬಾಯಿಗೆ ಸ್ಪಂಜು ತೊಡಿಸದಿದ್ದರೆ ಎಳೆಯ ಲೋಚ್ ಅದರೊಳಗೆ ಸಿಕ್ಕಿಬೀಳುತ್ತದೆ.

ಮುಚ್ಚಳದಲ್ಲಿ ಒಂದು ಪೇಚಿದೆ. ಬೇಸಿಗೆಯಲ್ಲಿ ನೀರು ಆವಿಯಾಗಿ ತಂಪಾಗಬೇಕಾದರೆ ಮೇಲ್ಭಾಗ ತೆರೆದಿರಬೇಕು. ಲೋಚ್ ಉಳಿಯಬೇಕಾದರೆ ಮುಚ್ಚಿರಬೇಕು. ವೈರು ಹೋಗುವ ಎರಡು ಬೆರಳಗಲದ ಸಂದಿ ಸಾಕು ಅದಕ್ಕೆ ಹೊರಗೆ ಹಾರಲು. ಮುಂಜಾನೆ ನೋಡಿದರೆ ಸೋಫಾದ ಕೆಳಗೆ ಒಣಗಿ ಬಿದ್ದಿರುತ್ತದೆ. ಉಪಾಯ: ಅಲ್ಯೂಮಿನಿಯಂ ಚೌಕಟ್ಟಿಗೆ ಕಿಟಕಿಯ ಸೊಳ್ಳೆ ಜಾಳಿಗೆ ಬಿಗಿದು, ನಾಲ್ಕು ಮೂಲೆಗೂ ಕ್ಲಿಪ್ಪು ಹಾಕಿ. ವೈರಿನ ಸಂದಿಗೆ ಸ್ಪಂಜು ತುರುಕಿ.

ನೀರು: ನಳದ್ದೋ, ಬೋರ್‌ದೋ?

ನಳದ ನೀರಿನಲ್ಲಿ ಕ್ಲೋರಿನ್ ಇದೆ, ಅದು ಮೀನಿನ ಕಿವಿರನ್ನು ಸುಡುತ್ತದೆ. ಬಕೆಟ್ಟಿನಲ್ಲಿ ಏರ್ ಪಂಪು ಹಚ್ಚಿ 24 ಗಂಟೆ ಇಟ್ಟರೆ ಹಾರಿಹೋಗುತ್ತದೆ. ಅವಸರವಿದ್ದರೆ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಹರಳು: 10 ಗ್ರಾಂ ಹರಳನ್ನು 100 ಮಿಲಿ ನೀರಿನಲ್ಲಿ ಕರಗಿಸಿ ಶೀಶೆಯಲ್ಲಿಡಿ, 15 ಲೀಟರ್ ಬಕೆಟ್ಟಿಗೆ 2 ಮಿಲಿ. ಮಳೆಗಾಲದಲ್ಲಿ ನೀರಿಗೆ ಕ್ಲೋರಿನ್ ವಾಸನೆ ಜೋರಾಗಿದ್ದರೆ 4 ಮಿಲಿ.

ಬೋರ್‌ವೆಲ್ಲಿಗೆ ಕ್ಲೋರಿನ್ ಚಿಂತೆಯಿಲ್ಲ, ಬೇರೆ ಚಿಂತೆಯಿದೆ. ವಿಜಯಪುರ, ಬಾಗಲಕೋಟೆಯ ಎಷ್ಟೋ ಬೋರ್‌ಗಳಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣದ ಅಳತೆ, 1000 ದಾಟುತ್ತದೆ, ಪಿಎಚ್ 8ರ ಸುತ್ತ ಇರುತ್ತದೆ. ಗಡಸು ನೀರನ್ನು ಗೋಲ್ಡ್‌ಫಿಶ್ ಸಹಿಸುತ್ತದೆ. ಸಹಿಸದಿರುವುದು ಮೀನಿನ ಕಸದಿಂದ ಹುಟ್ಟುವ ಅಮೋನಿಯಾ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ 0.6ರಷ್ಟು; ಪಿಎಚ್ 8 ಆದರೆ ಶೇ 5 ಮೀರುತ್ತದೆ; ಅದೇ ನೀರು 30 ಡಿಗ್ರಿಗೆ ಕಾದರೆ ಶೇ 7.5ರ ಹತ್ತಿರ. ಬೆಳಗಾವಿಯ ಗೆಳೆಯರ ಟ್ಯಾಂಕಿನಲ್ಲಿ ದಕ್ಕುವ ಅಜಾಗರೂಕತೆ ವಿಜಯಪುರದ ಟ್ಯಾಂಕಿನಲ್ಲಿ ದಕ್ಕದಿರುವುದಕ್ಕೆ ಕಾರಣ ಇದೇ.

ಬೋರ್ ನೀರಿಗೆ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಆರ್‌ಒ ಘಟಕದ ಕ್ಯಾನ್ ನೀರು ಬೆರೆಸಿ ಟಿಡಿಎಸ್ 300ರಿಂದ 500ರೊಳಗೆ ತನ್ನಿ. ಬರೀ ಆರ್‌ಒ ನೀರು ಹಾಕಬೇಡಿ, ಅದರಲ್ಲಿ ಲವಣ ತೀರಾ ಕಡಿಮೆ. ಹೊಲಗಳ ನಡುವಿನ ಬೋರ್ ಆದರೆ ನೈಟ್ರೇಟ್ ಪರೀಕ್ಷೆಯನ್ನೂ ಒಮ್ಮೆ ಮಾಡಿ. ಗೊಬ್ಬರದ ನೈಟ್ರೇಟ್ ನೀರಿನಲ್ಲೇ ಬರುತ್ತಿದ್ದರೆ ಎಷ್ಟು ನೀರು ಬದಲಿಸಿದರೂ ಅದು ಇಳಿಯುವುದಿಲ್ಲ.

ಇನ್ನೊಂದು: ತಾರಸಿಯ ಮೇಲಿನ ಕಪ್ಪು ಸಿಂಟೆಕ್ಸ್‌ನ ನೀರು ಏಪ್ರಿಲ್ ಮಧ್ಯಾಹ್ನ ಕೈಯಿಡಲಾರದಷ್ಟು ಕಾದಿರುತ್ತದೆ. ನೀರು ಬದಲಿಸುವ ಕೆಲಸ ಮುಂಜಾನೆ ಏಳರೊಳಗೇ ಆಗಲಿ.

ಮೀನಿಲ್ಲದ ಆರು ವಾರ

ತಾಳ್ಮೆ ಪರೀಕ್ಷಿಸುವ ಹಂತ ಇದು, ಬಹುತೇಕ ಮೀನುಗಳು ಸಾಯುವುದೂ ಇದನ್ನು ಹಾರಿಸಿದ್ದಕ್ಕೇ. ಫಿಲ್ಟರಿನಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ನೆಲೆಯೂರಬೇಕು: ಒಂದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ, ಮೂರನೆಯದನ್ನು ನೀರು ಬದಲಿಸಿ ತೆಗೆಯಬಹುದು.

1. ನೀರು ತುಂಬಿಸಿ, ಕ್ಲೋರಿನ್ ತೆಗೆದು, ಫಿಲ್ಟರು ಹಗಲುರಾತ್ರಿ ಓಡಲಿ.
2. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಿ. ಗುರುತಿನವರ ಹಳೆಯ, ರೋಗವಿಲ್ಲದ ಟ್ಯಾಂಕಿನಿಂದ ಒಂದು ಬಳಸಿದ ಸ್ಪಂಜು ಸಿಕ್ಕರೆ ಫಿಲ್ಟರಿನೊಳಗಿಡಿ. ಆರು ವಾರದ ಕೆಲಸ ಎರಡು-ಮೂರು ವಾರಕ್ಕೆ ಇಳಿಯಬಹುದು.
3. ದ್ರವದ ಟೆಸ್ಟ್ ಕಿಟ್‌ನಿಂದ ಎರಡು ದಿನಕ್ಕೊಮ್ಮೆ ನೋಡಿ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ.
4. ಆಹಾರ ಹಾಕುತ್ತಿದ್ದರೂ ಎರಡೂ ಒಂದು ವಾರ ಸೊನ್ನೆಯಲ್ಲೇ ನಿಂತರೆ, ಅರ್ಧ ನೀರು ಬದಲಿಸಿ, ಮರುದಿನ ಮೊದಲ ಗೋಲ್ಡ್‌ಫಿಶ್ ಬಿಡಿ. ಎರಡು ವಾರ ಬಿಟ್ಟು ಎರಡನೆಯದು. ಲೋಚ್‌ಗಳು ಕೊನೆಗೆ.

"ನೀರು ತಿಳಿಯಾಗೇ ಐತಲ್ಲ" ಎನ್ನುವುದು ಅಳತೆಯಲ್ಲ. ಅಮೋನಿಯಾಕ್ಕೆ ಬಣ್ಣವಿಲ್ಲ.

ಕೊಳ್ಳುವಾಗ

ವೆದರ್ ಲೋಚ್ ಅಂಗಡಿಗಳಲ್ಲಿ ಡೋಜೋ ಲೋಚ್ ಎಂಬ ಹೆಸರಿನಲ್ಲೂ ಸಿಗುತ್ತದೆ. ಹಳದಿ ಮೈಯದು ಗೋಲ್ಡನ್ ಡೋಜೋ. ಪೂರ್ವ ಏಷ್ಯಾದ ಗದ್ದೆ, ಕೆಸರುಗುಂಡಿಗಳ ಮೀನು. ಹೆಸರಿನಲ್ಲಿ ಮೋಸ ಹೋಗುವುದು ಸುಲಭ. ಹಾವುಮೀನಿನ ಮರಿಗೆ ಮೂತಿ ಚೂಪು, ಬೆನ್ನ ಮೇಲೆ ಮುಳ್ಳಿನ ಸಾಲು, ಅದು ಬೇಟೆಗಾರ. ಕಿತ್ತಳೆ-ಕಪ್ಪು ಪಟ್ಟೆಯ ಕೂಲಿ ಲೋಚ್‌ಗೆ ಬಿಸಿಯಾದ ಮೆತ್ತನೆ ನೀರು ಬೇಕು. ಯೋಯೋ ಲೋಚ್ ರೆಕ್ಕೆ ಕಚ್ಚುತ್ತದೆ. ನಿಮಗೆ ಬೇಕಾದದ್ದಕ್ಕೆ ದುಂಡನೆಯ ಬಾಲ, ಹತ್ತು ಮೀಸೆ, ಬೆರಳು ದಪ್ಪದ ಉದ್ದ ಮೈ. 8 ಸೆಂಟಿಮೀಟರಿಗಿಂತ ಚಿಕ್ಕದನ್ನು ತರಬೇಡಿ, ದೊಡ್ಡ ಗೋಲ್ಡ್‌ಫಿಶ್ ನುಂಗಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಳ್ಳುತ್ತದೆ. ಒಂಟಿಯಾಗಿ ತರಬೇಡಿ, ಮೂರಿದ್ದರೆ ಒಂದರ ಮೇಲೊಂದು ಹೊರಳಿ ಮಲಗುತ್ತವೆ. ಹೊಟ್ಟೆ ಮೇಲಾಗಿ ಬಿದ್ದಿದ್ದರೂ ಗಾಬರಿ ಬೇಡ, ಕೆಲವೊಮ್ಮೆ ಅದು ಮಲಗುವುದೇ ಹಾಗೆ.

"ಗಾಜು ಕ್ಲೀನ್ ಮಾಡ್ತದ" ಎಂದು ಸಕ್ಕರ್ ಮೀನು ಕೊಡಲು ಬಂದರೆ ಬೇಡವೆನ್ನಿ. ಅದು ರಾತ್ರಿ ಗೋಲ್ಡ್‌ಫಿಶ್‌ನ ಮೈಗೆ ಅಂಟಿ ಲೋಳೆ ಕೆರೆದು ತಿನ್ನುತ್ತದೆ.

ಮುಂಬಯಿಯಿಂದಲೋ ಚೆನ್ನೈಯಿಂದಲೋ ಪಾರ್ಸಲ್‌ನಲ್ಲಿ ಬಂದ ಚೀಲದೊಳಗೆ ಇಂಗಾಲದ ಡೈಆಕ್ಸೈಡ್ ಕೂಡಿ ಪಿಎಚ್ ಇಳಿದಿರುತ್ತದೆ, ಅದರಿಂದಲೇ ಅಮೋನಿಯಾ ಸುಮ್ಮನಿರುತ್ತದೆ. ಚೀಲ ಬಿಚ್ಚಿದ ಕ್ಷಣದಿಂದ ಪಿಎಚ್ ಏರಿ ಅದು ವಿಷವಾಗತೊಡಗುತ್ತದೆ. ಆದ್ದರಿಂದ ಚೀಲವನ್ನು ಬಿಚ್ಚದೆ 20 ನಿಮಿಷ ನೀರಿನಲ್ಲಿ ತೇಲಿಸಿ. ಬಿಚ್ಚಿದ ಮೇಲೆ ತಡಮಾಡದೆ, ಒಂದೆರಡು ಲೋಟ ಹೊಸ ನೀರು ಬೆರೆಸಿ ಹತ್ತು ನಿಮಿಷದೊಳಗೆ ಮೀನನ್ನು ಜಾಳಿಗೆಯಲ್ಲಿ ಎತ್ತಿ ಬಿಡಿ. ಚೀಲದ ನೀರು ಟ್ಯಾಂಕಿಗೆ ಬೀಳಬಾರದು. ಟ್ಯಾಂಕಿಗೆ ಬಿಡುವ ಮುಂಚೆ ಹೊಸ ಮೀನನ್ನು ಮೂರು ವಾರ 50 ಲೀಟರಿನ ಪ್ಲಾಸ್ಟಿಕ್ ಟಬ್ಬಿನಲ್ಲಿ, ಹಳೆಯ ಸ್ಪಂಜ್ ಫಿಲ್ಟರು ಹಾಕಿ, ಬೇರೆಯಾಗಿಡುವುದು ಕ್ಷೇಮ.

ಊಟ, ನೀರು ಬದಲಾವಣೆ

ಮುಳುಗುವ ಕಾಳು ಆಹಾರವನ್ನೇ ಕೊಡಿ. ತೇಲುವುದನ್ನು ನುಂಗುವಾಗ ಗಾಳಿಯೂ ಒಳಹೋಗುತ್ತದೆ. ದುಂಡು ಮೈಯ ಗೋಲ್ಡ್‌ಫಿಶ್ ಆಮೇಲೆ ಬುಡಮೇಲಾಗಿ ತೇಲಬಹುದು. ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ವಾರಕ್ಕೆ ಎರಡು ದಿನ ಬೇಯಿಸಿ ಸಿಪ್ಪೆ ಸುಲಿದ ಬಟಾಣಿ ಅಥವಾ ಕುದಿನೀರಲ್ಲಿ ಅದ್ದಿದ ಪಾಲಕ. ಚುರುಮುರಿ, ರೊಟ್ಟಿಯ ಚೂರು, ಅನ್ನ ಬೇಡ, ಬಂದ ನೆಂಟರಿಗೂ ಇದನ್ನು ಮೊದಲೇ ಹೇಳಿ. ಲೋಚ್‌ಗೆ ರಾತ್ರಿ ದೀಪ ಆರಿಸಿ ಅರ್ಧ ಗಂಟೆಯ ಮೇಲೆ ಪೈಪಿನ ಬಾಯಿಯಲ್ಲಿ ಎರಡು-ಮೂರು ಕಾಳು ಹಾಕಬೇಕು. ಹಗಲು ಹಾಕಿದ್ದನ್ನು ಗೋಲ್ಡ್‌ಫಿಶ್ ಒಂದೂ ಬಿಡುವುದಿಲ್ಲ.

ವಾರಕ್ಕೊಮ್ಮೆ ನಾಲ್ಕು ಬಕೆಟ್, ಅಂದರೆ 60 ಲೀಟರ್ ತೆಗೆದು ಹೊಸ ನೀರು ಹಾಕಿ. ತೆಗೆದ ನೀರು ಕುಂಡದ ಗಿಡಗಳಿಗೆ ಒಳ್ಳೆಯ ಗೊಬ್ಬರ. ಫಿಲ್ಟರಿನ ಸ್ಪಂಜನ್ನು ಆ ತೆಗೆದ ನೀರಿನಲ್ಲೇ ಹಿಂಡಿ. ನಳದ ಕೆಳಗೆ ತೊಳೆದರೆ ಆರು ವಾರ ಬೆಳೆಸಿದ ಬ್ಯಾಕ್ಟೀರಿಯಾ ಒಂದು ನಿಮಿಷದಲ್ಲಿ ಹೋಯಿತು.

ಊರಿಗೆ ಹೋಗುವುದಿದ್ದರೆ ವಾರದವರೆಗೆ ಮೀನು ಉಪವಾಸವಿದ್ದರೂ ಏನೂ ಆಗದು. ಪಕ್ಕದ ಮನೆಯವರಿಗೆ ಆಹಾರದ ಡಬ್ಬಿ ಕೊಟ್ಟು ಹೋಗುವುದೇ ಅಪಾಯ. ಕೊಡಲೇಬೇಕಾದರೆ ದಿನಕ್ಕೊಂದರಂತೆ ಪೊಟ್ಟಣ ಕಟ್ಟಿಟ್ಟು, ಡಬ್ಬಿಯನ್ನು ಬಚ್ಚಿಡಿ.

ಬೇಸಿಗೆ

20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯದು ಏಳೂವರೆ ಮಾತ್ರ. ಮೀನಿಗೆ ಬೇಕಾಗುವುದು ಮಾತ್ರ ಬಿಸಿಯಾದಷ್ಟೂ ಹೆಚ್ಚು.

ಹೆಚ್ಚಿನವರು ಮಂಜುಗಟ್ಟಿದ ಬಾಟಲಿ ತೇಲಿಬಿಡುತ್ತಾರೆ. ಲೆಕ್ಕ ಹಾಕಿ ನೋಡಿ: ಒಂದು ಲೀಟರಿನ ಬಾಟಲಿ 165 ಲೀಟರ್ ನೀರನ್ನು ಇಳಿಸುವುದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಅಷ್ಟೇ. ಅದೇ ಒಂದು ಲೀಟರ್ ನೀರು ಆವಿಯಾದರೆ ಒಯ್ಯುವ ಶಾಖ ಐದು ಬಾಟಲಿಗಿಂತ ಹೆಚ್ಚು. ನಮ್ಮ ಕಡೆಯ ಒಣ ಬಿಸಿಲಿನಲ್ಲಿ ಮಣ್ಣಿನ ಹರವಿಯ ನೀರು ತಣ್ಣಗಿರುವುದೂ ಇದರಿಂದಲೇ. ಜಾಳಿಗೆ ಮುಚ್ಚಳದ ಮೇಲೆ ಒಂದು ಸಣ್ಣ ಟೇಬಲ್ ಫ್ಯಾನು ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವಂತೆ ಬೆಳಗಿನಿಂದಲೇ ಹಚ್ಚಿ, ನೀರು 2ರಿಂದ 4 ಡಿಗ್ರಿ ಇಳಿಯುತ್ತದೆ. ಮಧ್ಯಾಹ್ನ ಕಾದ ಮೇಲೆ ಹಚ್ಚಿದರೆ ಅಷ್ಟು ಸಾಲದು. ಬೆಳಗಾವಿಯ ಮಳೆಗಾಲದ ಒದ್ದೆ ಹವೆಯಲ್ಲಿ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಆಗ ಬೇಕಾಗುವುದೂ ಇಲ್ಲ.

ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟನ್ನು ದಿನವೂ ಬೋರ್ ನೀರಿನಿಂದ ತುಂಬಿಸಿದರೆ ಮೇ ಹೊತ್ತಿಗೆ ಟಿಡಿಎಸ್ ದುಪ್ಪಟ್ಟಾಗಬಹುದು. ಈ ಭರ್ತಿಗೆ ಮಾತ್ರ ಬರೀ ಆರ್‌ಒ ನೀರು ಸರಿ. ಮಂಜಿನ ಬಾಟಲಿಯನ್ನು 30 ದಾಟಿದ ದಿನದ ತುರ್ತಿಗೆ ಇಟ್ಟುಕೊಳ್ಳಿ, ದಿನಕ್ಕೆ 2 ಡಿಗ್ರಿಗಿಂತ ಹೆಚ್ಚು ಇಳಿಸಬೇಡಿ. ಅಂಥ ದಿನ ಊಟ ಅರ್ಧ, ದೀಪ ಬಂದ್.

ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ದ್ರವದ ಮಿಶಿನ್ನು, ಸ್ಪ್ರೇ ಮೂರೂ ಆ ಕೋಣೆಯಲ್ಲಿ ಬೇಡ. ಆ ಔಷಧ ಮನುಷ್ಯರಿಗಿಂತ ಮೀನಿಗೆ ಬಹಳ ತೀಕ್ಷ್ಣ, ಏರ್ ಪಂಪು ಅದನ್ನು ಎಳೆದು ನೇರ ನೀರಿಗೆ ಊದುತ್ತದೆ.

ಕಾಯಿಲೆ

ಮೈಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ ಕಂಡರೆ ಅದು ವೈಟ್ ಸ್ಪಾಟ್, ಒಂದು ಸೂಕ್ಷ್ಮ ಪರಾವಲಂಬಿ ಜೀವಿಯ ಕಾಟ. ಔಷಧಿ ಕೊಲ್ಲುವುದು ನೀರಿನಲ್ಲಿ ಈಜುವ ಅದರ ಮರಿಗಳನ್ನು ಮಾತ್ರ, ಮೈಗೆ ಹತ್ತಿದ್ದನ್ನಲ್ಲ. ಚುಕ್ಕೆ ಉದುರಿತೆಂದು ನಿಲ್ಲಿಸದೆ ಎರಡು ವಾರ ಹಾಕಬೇಕು. ಲೋಚ್‌ನ ಹುರುಪೆ ತೀರಾ ಸಣ್ಣ, ಔಷಧ ಮೈಗೆ ಬೇಗ ತಾಗುತ್ತದೆ. ಅದು ಇರುವ ಟ್ಯಾಂಕಿಗೆ ಮಲಾಕೈಟ್ ಗ್ರೀನ್ ಅರ್ಧ ಪ್ರಮಾಣ, ತಾಮ್ರದ ಔಷಧಿ ಬೇಡವೇ ಬೇಡ. ಕಲ್ಲುಪ್ಪು ಲೀಟರಿಗೆ 1 ಗ್ರಾಂ, ಅಂದರೆ ಒಟ್ಟು 165 ಗ್ರಾಂ ಮೀರಬಾರದು. ಗೋಲ್ಡ್‌ಫಿಶ್‌ಗೆ ಲೀಟರಿಗೆ 3 ಗ್ರಾಂ ಬೇಕಾದರೆ ಟಬ್ಬಿಗೆ ಒಯ್ದು ಕೊಡಿ. ಕೆಂಪಡರಿದ ರೆಕ್ಕೆ, ಮುದುಡಿ ಕೂರುವುದು, ಇವಕ್ಕೆಲ್ಲ ಔಷಧಿಗೆ ಮುಂಚೆ ಅಮೋನಿಯಾ ಪರೀಕ್ಷೆ, ಅರ್ಧ ನೀರು ಬದಲಾವಣೆ.

ಬೆಳೆದು ಹೆಚ್ಚಾದ ಮೀನನ್ನು ಕೆರೆಗೆ, ಬಾವಿಗೆ, ಕೃಷ್ಣೆಯ ಹಿನ್ನೀರಿಗೆ ಬಿಡಬೇಡಿ. ಹೊರದೇಶದ ಲೋಚ್ ನಮ್ಮ ನೀರಿನಲ್ಲಿ ನೆಲೆಯೂರಿದರೆ ತೆಗೆಯಲು ಬಾರದು. ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಗುರುತಿನವರಿಗೆ ಕೊಡಿ.

ಮೋಡದ ಸುಳಿವು

ಲೋಚ್ ಕಿವಿರಿನ ಜೊತೆಗೆ ಕರುಳಿನಿಂದಲೂ ಉಸಿರಾಡುತ್ತದೆ. ಬಾಣದಂತೆ ಮೇಲೇರಿ ಒಂದು ಗುಟುಕು ಗಾಳಿ ನುಂಗಿ, ಕೆಳಗಿಳಿಯುವಾಗ ಹಿಂಬದಿಯಿಂದ ಸಾಲು ಗುಳ್ಳೆ ಬಿಡುತ್ತದೆ. ಆಗಾಗ ಹೀಗೆ ಮಾಡುವುದು ಸಹಜ. ಗಾಳಿಯ ಒತ್ತಡ ಇಳಿದಾಗ, ಅಂದರೆ ಗುಡುಗುಮಳೆಗೆ ಮುಂಚೆ, ಮೂರೂ ಗಾಜಿನುದ್ದಕ್ಕೂ ಮೇಲೆ ಕೆಳಗೆ ಹುಚ್ಚೆದ್ದು ಓಡಾಡುತ್ತವೆ. ಹೆಸರು ಬಂದದ್ದೇ ಇದರಿಂದ. ನೀರು ಕೆಟ್ಟಾಗಲೂ ಅವು ಹೀಗೆಯೇ ಒದ್ದಾಡುತ್ತವೆ. ವ್ಯತ್ಯಾಸ ತಿಳಿಯಲು ಗೋಲ್ಡ್‌ಫಿಶ್ ನೋಡಿ. ಅದು ನಿಧಾನವಾಗಿ ಉಸುಕು ಕೆದಕುತ್ತಿದ್ದರೆ ಮೋಡ ಬರುತ್ತಿದೆ. ಅದೂ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಆಮ್ಲಜನಕ ಮುಗಿಯುತ್ತಿದೆ. ತಂಬಿಗೆಯಲ್ಲಿ ಟ್ಯಾಂಕಿನದೇ ನೀರು ಮೊಗೆದು ಒಂದು ಅಡಿ ಮೇಲಿನಿಂದ ಸುರಿಯುತ್ತಾ ಇರಿ, ಅಮೋನಿಯಾ ನೋಡಿ, ನೀರು ಬದಲಿಸಿ. ಲೋಚ್ ಆರಾಮಾಗಿದೆ ಎಂದು ನೀರು ಸರಿಯಿದೆ ಎನ್ನಬೇಡಿ, ಅದು ಕೆಸರಲ್ಲೂ ಬದುಕುವ ಪ್ರಾಣಿ.

ಮೇ ತಿಂಗಳ ಸಂಜೆ ಲೋಚ್‌ಗಳು ಮಾತ್ರ ಕುಣಿಯುತ್ತಿದ್ದರೆ ಮಾಡುವ ಕೆಲಸ ಎರಡು: ಜಾಳಿಗೆಯ ನಾಲ್ಕೂ ಕ್ಲಿಪ್ಪು ಒತ್ತಿ ನೋಡುವುದು, ಬ್ಯಾಟರಿ ಏರ್ ಪಂಪನ್ನು ಚಾರ್ಜಿಗೆ ಹಾಕುವುದು. ಗಾಳಿ ಎದ್ದ ಹತ್ತು ನಿಮಿಷಕ್ಕೆ ಕರೆಂಟು ಹೋಗುತ್ತದೆ.